ಪತ್ತನಾಜೆಯ ದಿನ ಬಿಚ್ಚಬೇಕಾಗಿದ್ದ ಕಟ್ಟ

ಆ ದಿನ ಬೆಳಿಗ್ಗೆ ಚಂದ್ರ ಇನ್ನೂ ಮುಳುಗಿರಲಿಲ್ಲ. ಮಹಾರಾಷ್ಟ್ರದ ಘೋಡಬಂದರ್ ರಸ್ತೆಯ ನಮ್ಮ ವಸತಿ ಸಂಕೀರ್ಣದ ಹಿಂಬದಿಯ ಬಾಲ್ಕನಿಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದೆ. ಬಿಸಿಲು ಆಗಲೇ ಎದುರಿನ ಗುಡ್ಡದ ನೆತ್ತಿಯನ್ನು ಮುಟ್ಟಿತ್ತು. ಅದೇ ನೆತ್ತಿಯ ಮೇಲೆ, ಚದುರಿದ ಮೋಡಗಳ ನಡುವೆ, ಬಣ್ಣ ಕಳೆದುಕೊಂಡ ದುಂಡನೆಯ ಚಂದ್ರ ಇಳಿಯುತ್ತಿದ್ದ. ಹಿಂದಿನ ದಿನ ಬುದ್ಧಪೂರ್ಣಿಮೆಯ ರಜೆ ಎಂದು ಮಕ್ಕಳೆಲ್ಲ ಕಟ್ಟಡದ ಕೆಳಗೆ ಗದ್ದಲ ಮಾಡಿದ್ದರು. ಇಂದು ಪತ್ತನಾಜೆ, ತುಳುವರ ಬೇಶ ತಿಂಗಳ ಹತ್ತನೆಯ ದಿನ. ಈ ಎರಡೂ ಸಂಗತಿಗಳು ಹಳ್ಳಕ್ಕೆ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕಿದ ನಮ್ಮ ಸಮಿತಿಯ ಎಲ್ಲರಿಗೂ ಗೊತ್ತಿದ್ದವು. ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಯಾರಿಗೂ ತೋಚಿರಲಿಲ್ಲ. ಹುಣ್ಣಿಮೆಯ ಮರುದಿನ ನಡುಹಗಲಿಗೆ ಕಡಲಿನಲ್ಲಿ ದೊಡ್ಡ ಭರತ, ಅಂದರೆ ಉಬ್ಬರ. ಉಪ್ಪುನೀರು ನೆಲದೊಳಗೆ ಚಾಚಿಕೊಂಡ ನಮ್ಮ ಖಾಡಿಯ ಬಾಯಿಗೆ ಅದು ಏರಿ ಬರುವುದು ಇನ್ನೂ ಸ್ವಲ್ಪ ತಡವಾಗಿ. ನಾವು ಕಟ್ಟ ಬಿಚ್ಚಲು ಗೊತ್ತುಮಾಡಿದ್ದು ಅದಕ್ಕೆ ಸ್ವಲ್ಪವೇ ಮೊದಲು.

ಚಹಾ ಅರ್ಧದಲ್ಲೇ ಉಳಿಯಿತು. ಹೋಟೆಲಿನ ಮಾಲೀಕರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಇಡ್ಲಿ-ವಡೆಯ ಹೊತ್ತಿನಲ್ಲಿ ಅವರು ಯಾರ ಫೋನನ್ನೂ ಎತ್ತುವವರಲ್ಲ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಹಳ್ಳದ ವಿಷಯ ಹೇಳಬೇಕು. ಯೇವೂರು ಗುಡ್ಡದ ಕಾಡಿನಲ್ಲಿ ಹುಟ್ಟಿ, ಆದಿವಾಸಿಗಳ ಒಂದು ಪಾಡಾದ, ಅಂದರೆ ಹಾಡಿಯ, ಪಕ್ಕದಲ್ಲಿ ಹಾದು, ನಮ್ಮಂಥ ಸಂಕೀರ್ಣಗಳ ಹಿಂಗೋಡೆಗಳ ನಡುವೆ ನುಸುಳಿ, ಹೆದ್ದಾರಿಯ ಮೋರಿಯೊಳಗಿಂದ ದಾಟಿ ಖಾಡಿಯನ್ನು ಸೇರುವ ಸಣ್ಣ ಹಳ್ಳ ಅದು. ಇಲ್ಲಿಯವರು ಅದನ್ನು ನಾಲಾ ಎನ್ನುತ್ತಾರೆ. ಹಾಗೆ ಕರೆದ ಮೇಲೆ ಅದರೊಳಗೆ ಏನನ್ನು ಎಸೆದರೂ ತಪ್ಪಲ್ಲವೆಂಬ ಭಾವನೆ ತಾನಾಗಿ ಬಂದುಬಿಡುತ್ತದೆ. ಉದ್ಯೋಗದ ಬಹುಪಾಲು ವರ್ಷಗಳನ್ನು ನಾನು ಮಣ್ಣು ಮತ್ತು ನೀರಿನ ಸಂಶೋಧನೆಯಲ್ಲಿ ಕಳೆದವನು. ಆಗ ಡೊಂಬಿವಲಿಯಲ್ಲಿದ್ದೆ. ನಿವೃತ್ತನಾಗಿ ಇಲ್ಲಿಗೆ ಬಂದ ಮೇಲೆ ಕೈಗೆ ಸಿಕ್ಕಿದ ಜಲಾನಯನ ಇದೊಂದೇ. ತುದಿಯಿಂದ ತುದಿಗೆ ಒಂದು ಬೆಳಗಿನಲ್ಲಿ ನಡೆದು ಮುಗಿಸಬಹುದಾದಷ್ಟು ಚಿಕ್ಕದು. ಆದರೆ ಅದರ ಮೇಲಿನವರು, ನಡುವಿನವರು ಮತ್ತು ಕೆಳಗಿನವರು ಪರಸ್ಪರ ಮುಖ ನೋಡಿದವರಲ್ಲ.

ಕಟ್ಟದ ಯೋಚನೆ ಹೋಟೆಲಿನ ಮಾಲೀಕರದು. ಅವರು ಉಡುಪಿಯ ಕಡೆಯವರು, ನಾನೂ ಅಲ್ಲಿಯವನೇ. ಅವರ ಸಸ್ಯಾಹಾರಿ ಹೋಟೆಲಿನ ಹಿಂದಿನ ಗೋಡೆ ಹಳ್ಳದ ದಂಡೆಗೆ ತಾಗಿಕೊಂಡಿದೆ. ಬೇಸಿಗೆಯಲ್ಲಿ ಬೋರಿನ ನೀರು ಪಾತಾಳಕ್ಕಿಳಿದು, ಟ್ಯಾಂಕರಿನವನ ಮರ್ಜಿ ಕಾಯುವ ಸ್ಥಿತಿ ಬಂದಾಗ ಒಂದು ಸಂಜೆ ಅವರು ಹೇಳಿದ್ದರು:

"ಊರಲ್ಲಿ ನಾವು ಎಂಥ ಮಾಡ್ತಿದ್ದೆವು ಮಾರಾಯ್ರೆ? ಸುಗ್ಗಿ ಬೆಳೆಗೆ ತೋಡಿಗೆ ಕಟ್ಟ ಹಾಕ್ತಿರ್ಲಿಲ್ವಾ? ಇಡೀ ಬೈಲಿನವ್ರು ಒಟ್ಟಿಗೆ ಇಳಿದು ಹಾಕ್ತಿದ್ದದ್ದು. ಇಲ್ಲಿ ಹಾಕ್ಲಿಕ್ಕೆ ಯಾರು ಬೇಡ ಹೇಳ್ತಾರೆ?"

ಮಳೆ ನಿಂತು ಹರಿವು ಸಣ್ಣದಾದ ಮೇಲೆ ತೋಡಿಗೆ ಅಡ್ಡಲಾಗಿ ಮಣ್ಣು, ಕಲ್ಲು, ಸೊಪ್ಪು ತುಂಬಿ ಗೋಡೆ ಕಟ್ಟುವುದು. ನಿಂತ ನೀರು ನೆಲಕ್ಕೆ ಇಳಿದು ಸುತ್ತಲಿನ ಬಾವಿಗಳನ್ನು ತುಂಬಿಸುವುದು. ಮುಂಗಾರಿಗೆ ಮುನ್ನ ಅದನ್ನು ತಾವೇ ಬಿಚ್ಚಿ ಹಳ್ಳಕ್ಕೆ ದಾರಿ ಕೊಡುವುದು. ಕರಾವಳಿಯವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಮರಳಿನ ಚೀಲಗಳಿಂದ ಇಂಥದೇ ಒಡ್ಡು ಹಾಕುವ ರೂಢಿ ಮಹಾರಾಷ್ಟ್ರದಲ್ಲೂ ಇದೆ. ಆದ್ದರಿಂದ ಮಾತು ಬೇಗ ಕೂಡಿತು. ಹಳ್ಳಕ್ಕೆ ಮೂರು ಕಟ್ಟ ಬಿದ್ದವು: ಮೇಲಿನದು ಪಾಡಾದವರದು, ನಡುವಿನದು ಹೋಟೆಲಿನ ಹಿಂದೆ ನಮ್ಮದು, ಕೆಳಗಿನದು ಖಾಡಿಯ ದಂಡೆಯ ಹಳೆಯ ಗ್ರಾಮದ್ದು. ಬಿಚ್ಚುವಾಗ ಕೆಳಗಿನದನ್ನು ಮೊದಲು, ಆಮೇಲೆ ನಡುವಿನದನ್ನು, ಕೊನೆಗೆ ಮೇಲಿನದನ್ನು ಬಿಚ್ಚಬೇಕೆಂಬ ನಿಯಮವೂ ಬಂತು. ಮೇಲಿನದು ಮೊದಲು ಬಿಟ್ಟರೆ ಅದರ ನೀರು ಕೆಳಗಿನವುಗಳ ಮೇಲೆ ಬಿದ್ದು ಚೀಲಗಳನ್ನೇ ಕೊಚ್ಚಿಕೊಂಡು ಹೋಗಿ ಹೆದ್ದಾರಿಯ ಮೋರಿಯನ್ನು ಕಟ್ಟಿಹಾಕುತ್ತದೆ.

ದಿನ ಗೊತ್ತುಮಾಡಿದವರೂ ಮಾಲೀಕರೇ. ಊರಿನಲ್ಲಿ ಪತ್ತನಾಜೆಯೆಂದರೆ ಕೋಲ, ನೇಮ, ಬಯಲಾಟಗಳೆಲ್ಲ ಮುಗಿದು ಜನ ಮಳೆಗಾಲದ ಕೆಲಸಕ್ಕೆ ತಿರುಗುವ ದಿನ. ಕಟ್ಟಕ್ಕೂ ಅದೇ ಕೊನೆಯ ಗಡುವು. ಮೊದಲ ವರ್ಷ ಅಂದು ಬಿಚ್ಚಿದೆವು, ಏನೂ ಆಗಲಿಲ್ಲ. ಎರಡನೆಯ ವರ್ಷವೂ ಆಗಲಿಲ್ಲ. ಮೂರನೆಯ ವರ್ಷಕ್ಕೆ ಅದು ಸಂಪ್ರದಾಯವಾಗಿತ್ತು. ಆನಂತರ ನಾನು ಆ ಮೂರೂ ದಿನಗಳನ್ನು ಎರಡು ಪಂಚಾಂಗಗಳಲ್ಲಿ ತಾಳೆ ಹಾಕಿ ನೋಡಿದ್ದೇನೆ. ಮೊದಲ ವರ್ಷದ ಪತ್ತನಾಜೆ ಬಹುಳ ನವಮಿಯಂದು ಬಂದಿತ್ತು, ಎರಡನೆಯದು ಶುದ್ಧ ಪಂಚಮಿಯಂದು. ಎರಡೂ ದಿನ ಭರತದ ಜೋರು ಕಡಿಮೆ. ಪತ್ತನಾಜೆ ಸೂರ್ಯನ ಲೆಕ್ಕದ ದಿನ. ಪ್ರತಿವರ್ಷ ಅದು ಅಲ್ಲೇ ನಿಂತಿರುತ್ತದೆ, ಚಂದ್ರ ಅದರ ಕೆಳಗೆ ಸರಿದುಹೋಗುತ್ತಾನೆ. ಊರಿನ ನಮ್ಮ ತೋಡುಗಳು ಕಡಲಿನಿಂದ ದೂರ. ಅಲ್ಲಿ ಕಟ್ಟ ಬಿಚ್ಚುವವನು ಚಂದ್ರನನ್ನು ಕೇಳಬೇಕಾಗಿರಲಿಲ್ಲ. ಇಲ್ಲಿ ಕೇಳಬೇಕಿತ್ತು. ಏಕೆಂದರೆ ಇಲ್ಲಿ ಹಳ್ಳದ ತುದಿಯಲ್ಲಿ ಆಯಿಯ ಗದ್ದೆ ಇತ್ತು.

ಗ್ರಾಮದವರೆಲ್ಲ ಆಕೆಯನ್ನು ಆಯಿ, ಅಂದರೆ ತಾಯಿ, ಎಂದೇ ಕರೆಯುತ್ತಾರೆ. ಇಲ್ಲಿಯ ಆಗ್ರಿ ಸಮುದಾಯದ ಹಳೆಯ ಮನೆತನದ ವಿಧವೆ. ಖಾಡಿಯ ಉಪ್ಪುನೀರಿಗೂ ಆಕೆಯ ಭತ್ತದ ಗದ್ದೆಗೂ ನಡುವೆ ಒಂದು ಮಣ್ಣಿನ ಬಾಂಧ, ಅಂದರೆ ಒಡ್ಡು. ಅದರಲ್ಲೊಂದು ಮರದ ಬಾಗಿಲು, ಉಘಾಡಿ. ಭರತ ಏರಿದಾಗ ನೀರೇ ಒತ್ತಿ ಅದನ್ನು ಮುಚ್ಚುತ್ತದೆ. ಇಳಿದಾಗ ಒಳಗಿನ ನೀರು ಅದನ್ನು ತಳ್ಳಿ ಹೊರಗೆ ಹೋಗುತ್ತದೆ. ಸುತ್ತಲಿನ ಗದ್ದೆಗಳು ಒಂದೊಂದಾಗಿ ಗೋದಾಮು, ಪಾರ್ಕಿಂಗ್ ಆಗಿದ್ದವು. ಆಕೆಯ ಮೈದುನಂದಿರೂ ಇದನ್ನು ಮಾರಲು ಒಪ್ಪಿಗೆಗಾಗಿ ಕಾಯುತ್ತಿದ್ದರು. ಬಾಂಧ ಒಮ್ಮೆ ಒಡೆದು ಉಪ್ಪು ಒಳಗೆ ಬಂದರೆ ಆ ಮಳೆಗಾಲ ಬೀಜ ಬಿತ್ತುವಂತಿಲ್ಲ. ಬಿತ್ತದ ಗದ್ದೆಯನ್ನು ಗದ್ದೆಯೆಂದು ವಾದಿಸಿ ಉಳಿಸಿಕೊಳ್ಳುವುದು ಆಕೆಯೊಬ್ಬಳಿಂದ ಆಗುವ ಮಾತಾಗಿರಲಿಲ್ಲ. ಆ ವರ್ಷ ಚೈತ್ರದಲ್ಲಿ ಬಾಂಧದ ಒಂದು ಭಾಗ ಕುಸಿದು ಹೊಸ ಮಣ್ಣು ಹಾಕಿಸಿದ್ದಳು. ಅದರ ಬುಡ ಇನ್ನೂ ಗಟ್ಟಿಯಾಗಿರಲಿಲ್ಲ. ಹಳ್ಳ ಆ ಹೊಸ ಮಣ್ಣಿನ ಬದಿಯಲ್ಲೇ ಖಾಡಿಗೆ ಇಳಿಯುತ್ತದೆ. ಖಾಡಿ ತುಂಬಿ ನಿಂತಾಗ ಮೇಲಿನಿಂದ ನೀರು ಬಂದರೆ ಅದಕ್ಕೆ ಹೋಗಲು ಎಡೆಯಿಲ್ಲ. ಬಾಂಧದ ಮೇಲೆ ಏರುವುದೊಂದೇ ದಾರಿ.

ದಿನ ಗೊತ್ತುಮಾಡಿದ ಸಭೆ ನಮ್ಮ ಸಂಕೀರ್ಣದ ಕ್ಲಬ್‌ಹೌಸಿನಲ್ಲಿ ನಡೆದಿತ್ತು. ಅಂದು ಆಯಿ ಮಗಳ ಬಾಣಂತನಕ್ಕೆಂದು ಕಲ್ಯಾಣ್‌ಗೆ ಹೋಗಿದ್ದಳು. ಆಕೆಯ ಪರವಾಗಿ ಬಂದಿದ್ದ ಸೋದರಳಿಯ ಎಲ್ಲದಕ್ಕೂ ತಲೆಯಾಡಿಸಿ, ಉಪ್ಪಿಟ್ಟು ತಿಂದು ಹೋಗಿದ್ದ.

ಹೋಟೆಲಿಗೆ ನಡೆದೇ ಹೋದೆ. ಮಾಲೀಕರು ಗಲ್ಲಾದ ಹಿಂದೆ ನಿಂತು, ಒಂದು ಕಣ್ಣು ಗಿರಾಕಿಗಳ ಮೇಲೆ, ಒಂದು ಕಣ್ಣು ಅಡುಗೆಮನೆಯ ಬಾಗಿಲಿನ ಮೇಲೆ ಇಟ್ಟಿದ್ದರು.

"ಬನ್ನಿ ಬನ್ನಿ, ಒಂದು ಬನ್ಸ್ ತಿನ್ನಿ. ಹುಡುಗ್ರು ಈಗ ಇಳೀತಾರೆ ಹಳ್ಳಕ್ಕೆ."

"ಇಳಿಸಬೇಡಿ. ಇವತ್ತು ಬಹುಳ ಪಾಡ್ಯ. ಮಧ್ಯಾಹ್ನ ದೊಡ್ಡ ಭರತ ಉಂಟು. ನೀರು ಬಿಟ್ಟರೆ ಆಯಿಯ ಬಾಂಧ ಒಡೆಯುತ್ತದೆ."

ಅವರು ನಕ್ಕರು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು.

"ಎರಡು ವರ್ಷ ಎಂಥ ಆಗ್ಲಿಲ್ಲ ಅಲ್ವಾ?"

"ಎರಡು ವರ್ಷ ಹುಣ್ಣಿಮೆ ಇರಲಿಲ್ಲ."

"ಹಾಗಾದ್ರೆ ನಾಳೆ ಬಿಡುವ ಹೇಳ್ತೀರಾ? ಮೋಡ ನೋಡಿದ್ರಾ ನೀವು?" ಅವರ ಸ್ವರ ಏರಿತು. "ಆ ಧೂಳಿನ ಗಾಳಿ ಬಂದದ್ದು, ಆಮೇಲೆ ಗುಡ್ಡದಲ್ಲಿ ಎರಡು ಸಂಜೆ ಹೊಯ್ದದ್ದು. ಕೆಳಗಿನದು ಬೆಳಿಗ್ಗೆಯೇ ತೆಗ್ದಾಯ್ತು, ನಮ್ಮದು, ಮೇಲಿನದು ಎರಡೂ ಕುತ್ತಿಗೆವರೆಗೆ ತುಂಬಿ ನಿಂತುಂಟು. ಇವತ್ತು ಸಂಜೆ ಇನ್ನೊಂದು ಹೊಯ್ದ್ರೆ ಚೀಲ ಸಮೇತ ಮೋರಿಗೆ. ಹೈವೇ ಮೇಲೆ ನೀರು. ಟೀವಿಯವ್ರು ಬರ್ತಾರೆ. ಆಗ ನೀವು ಬರ್ತೀರಾ ಉತ್ತರ ಕೊಡ್ಲಿಕ್ಕೆ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಡೆದರೂ ಅಪಾಯ, ಬಿಟ್ಟರೂ ಅಪಾಯ. ಉಳಿದ ದಾರಿ ಒಂದೇ: ಭರತ ತಿರುಗುವವರೆಗೆ ಕಾದು, ಇಳಿತದ ಹೊತ್ತಿನಲ್ಲಿ, ಸಂಜೆಯ ಮಳೆಗೆ ಮುನ್ನ, ಮೆಲ್ಲಗೆ ಬಿಡುವುದು. ಹಾಗೆಂದೆ. ಅವರು ಗಲ್ಲಾದ ಹಿಂದಿನಿಂದ ಹೊರಗೆ ಬಂದು, "ನಮ್ಮದನ್ನು ತಡೀಬಹುದು. ಮೇಲಿನವ್ರಿಗೆ ಹೇಳುವುದು ಯಾರು? ಅಲ್ಲಿ ನೆಟ್‌ವರ್ಕ್ ಎಲ್ಲುಂಟು?" ಎಂದರು.

ಅವರ ಮಗಳು ರಬಾಳೆಯ ಒಂದು ಕಂಪೆನಿಯಲ್ಲಿ ಕೆಲಸ ಮಾಡುವವಳು. ಕಟ್ಟ ಬಿಚ್ಚುವುದನ್ನು ನೋಡಲೆಂದೇ ಅಂದು ರಜೆ ಹಾಕಿದ್ದಳು. ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದವಳು ಎದ್ದು ಬಂದಳು.

"ಪಪ್ಪಾ, ಬಹಸ್ ಬಾದ್ ಮೇ, ವಾದ ಆಮೇಲೆ. ಅಂಕಲ್, ಚಲೋ, ಸ್ಕೂಟರ್ ಹೈ."

"ಹೆಲ್ಮೆಟ್ ಹಾಕು ಮಗಾ. ಅವ್ರಿಗೂ ಒಂದು ಕೊಡು."

"ಹಾಂ ಹಾಂ, ಗೊತ್ತಿದೆ."

ಪಾಡಾಕ್ಕೆ ಹೋಗಲು ಹೆದ್ದಾರಿಯಲ್ಲೇ ಸ್ವಲ್ಪ ದೂರ ಸಾಗಿ ಕಾಡಿನ ಕಡೆಗೆ ತಿರುಗಬೇಕು. ಅಂದು ಮುಂದೆಲ್ಲೋ ಒಂದು ಕಂಟೇನರ್ ಕೆಟ್ಟು ಅಡ್ಡ ನಿಂತಿತ್ತು. ಸ್ಕೂಟರು ಕೂಡ ನುಸುಳಲಾರದ ಹಾಗೆ ವಾಹನಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಪಕ್ಕದ ರಿಕ್ಷಾದವನು ಇಂಜಿನ್ ಆರಿಸಿ ಪತ್ರಿಕೆ ಬಿಡಿಸಿದ. ಹುಡುಗಿ ಮೆಟ್ರೋ ಕಾಮಗಾರಿಯ ತಗಡಿನ ಬೇಲಿಯ ಬದಿಯಲ್ಲಿ ಸ್ಕೂಟರನ್ನು ಇಳಿಸಿದಳು, ಇಬ್ಬರೂ ಅದನ್ನು ತಳ್ಳಿಕೊಂಡು ಹೋದೆವು. ನನ್ನ ಕಣ್ಣು ಮತ್ತೆ ಮತ್ತೆ ಬಲಕ್ಕೆ ಹೊರಳುತ್ತಿತ್ತು. ಕಟ್ಟಡಗಳ ಸಂದಿಯಲ್ಲಿ ಖಾಡಿಯ ಒಂದು ತುಂಡು ಕಾಣುತ್ತದೆ. ಬೆಳಿಗ್ಗೆ ಅಲ್ಲಿ ಕೆಸರಿನ ದಂಡೆ ಇರಬೇಕಿತ್ತು. ಕೆಸರು ಆಗಲೇ ಮುಚ್ಚಿಹೋಗಿ ನೀರು ಬೂದು ಬಣ್ಣದಲ್ಲಿ ಏರುತ್ತಿತ್ತು.

"ಅಂಕಲ್, ಅವರು ಟೈಮಿಗೆ ಮುಂಚೆ ಖೋಲ್ತಾರಾ?"

"ಕೆಳಗಿನಿಂದ ಸೂಚನೆ ಬಾರದೆ ಬಿಚ್ಚಬಾರದೆಂದು ನಿಯಮ."

"ಸೂಚನೆ ಕೈಸೇ ಆತೀ ಹೈ?"

ಸೂಚನೆ ಬರುವ ಬಗೆಯೇ ಬದಲಾಗಿತ್ತು. ಮೊದಲ ವರ್ಷ ಒಬ್ಬರು ಗುಡ್ಡ ಹತ್ತಿ ಹೋಗಿ ಹೇಳಿ ಬಂದಿದ್ದರು. ಎರಡನೆಯ ವರ್ಷ ಯಾರಿಗೂ ಪುರುಸೊತ್ತಾಗದೆ, ಇಂಥ ಹೊತ್ತಿಗೆ ಎಲ್ಲರದೂ ಮುಗಿದಿರುತ್ತದೆ, ನೀವು ಬಿಚ್ಚಿಕೊಳ್ಳಿ ಎಂದು ಮುಂಚಿತವಾಗಿ ತಿಳಿಸಿದ್ದೆವು. ಈ ವರ್ಷವೂ ಹಾಗೆಯೇ ತಿಳಿಸಲಾಗಿತ್ತು. ಸೂಚನೆಯ ಜಾಗದಲ್ಲಿ ಗಡಿಯಾರ ಬಂದು ಕೂತಿತ್ತು.

ಕಾಡಿನ ಅಂಚಿನಲ್ಲಿ ಸ್ಕೂಟರ್ ಬಿಟ್ಟು ಏರುದಾರಿಯಲ್ಲಿ ನಡೆದೆವು. ಮೊದಲು ಕಿವಿಗೆ ಬಿದ್ದದ್ದು ನೀರಿನ ಸದ್ದು. ಆ ಸದ್ದು ಕೇಳಿಯೇ ಹುಡುಗಿ ನನ್ನ ತೋಳು ಹಿಡಿದಳು. ತಿರುವು ದಾಟಿದಾಗ ಕಂಡದ್ದು ತೆರೆದ ಕಟ್ಟ. ಚೀಲಗಳು ದಂಡೆಯಲ್ಲಿ ಸಾಲಾಗಿ ಬಿದ್ದಿದ್ದವು. ಹತ್ತು ಹನ್ನೆರಡು ಜನ ಮರದ ನೆರಳಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಕಟ್ಟದ ಹಿಂದಿನ ಮಡು ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

ಪಾಡಾದ ಮುಖಂಡರು ವಾರ್ಲಿ ಸಮುದಾಯದ ನಡುವಯಸ್ಸಿನ ಮನುಷ್ಯ. ಎಲ್ಲರೂ ದಾದಾ ಎನ್ನುತ್ತಾರೆ. ನಗುತ್ತ ಎದ್ದು ಬಂದರು.

"ಯಾ, ಬನ್ನಿ ಸಾಹೇಬ! ಬಿಸಿಲು ಏರುವುದಕ್ಕೆ ಮುಂಚೆಯೇ ಮುಗಿಸಿಬಿಟ್ಟೆವು." ಅವರ ಮರಾಠಿಯನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಹೋದ ವರ್ಷ ನಮ್ಮಿಂದ ತಡವಾಯಿತೆಂದು ನಿಮ್ಮ ಹೋಟೆಲಿನ ಸೇಠ್ ಕೂಗಾಡಿದ್ದರಲ್ಲ. ಈ ಸಲ ಕೂಗಲು ಏನೂ ಉಳಿಸಿಲ್ಲ."

ಹುಡುಗಿ ಎರಡೇ ಮಾತಿನಲ್ಲಿ ವಿಷಯ ಹೇಳಿದಳು: "ದಾದಾ, ಭರತೀ ಆಹೇ. ಆಯೀಚಾ ಬಾಂಧ ಜಾಯೀಲ." ಭರತ ಇದೆ, ಆಯಿಯ ಬಾಂಧ ಹೋಗುತ್ತದೆ.

ದಾದಾ ಅವರ ನಗು ಇಳಿಯಿತು. ನೀರಿನ ಕಡೆ ನೋಡಿದರು. ಅದನ್ನು ಹಿಂದಕ್ಕೆ ಕರೆಯುವ ವಿದ್ಯೆ ಯಾರಿಗೂ ತಿಳಿದಿರಲಿಲ್ಲ.

"ನಿಮ್ಮ ಕಟ್ಟ ಇದೆಯೋ, ಬಿಚ್ಚಿದಿರೋ?"

"ಇದೆ. ತಡೆದು ಬಂದಿದ್ದೇವೆ."

"ಹಾಗಾದರೆ ಈ ನೀರು ಅದರ ಮೇಲೆ ಹತ್ತುತ್ತದೆ. ಏರಿಸಬೇಕು." ಅವರು ನೆರಳಿನಲ್ಲಿದ್ದವರ ಕಡೆ ತಿರುಗಿ ಕೂಗಿದರು. ಎದ್ದವರು ಬಿಚ್ಚಿದ ಚೀಲಗಳನ್ನೇ ಹೆಗಲಿಗೆ ಏರಿಸಿಕೊಂಡು ಹಳ್ಳದ ಬದಿಯ ಕಾಲುದಾರಿಯಲ್ಲಿ ಇಳಿಯತೊಡಗಿದರು. ಅವರಲ್ಲೊಬ್ಬ ಹೋಗುತ್ತ ಹೋಗುತ್ತ, "ಬಿಚ್ಚಿ ಅನ್ನುವವರೂ ಇವರೇ, ಕಟ್ಟಿ ಅನ್ನುವವರೂ ಇವರೇ. ಓದಿದವರ ಜೊತೆ ಸಂಸಾರ ಕಷ್ಟ," ಎಂದ. ದಾದಾ ಅವನಿಗೆ ಬೈದರು. ನನಗೆ ಬೈಯುವ ಮನಸ್ಸಾಗಲಿಲ್ಲ.

ನಾವು ಅವರ ಹಿಂದೆಯೇ ಇಳಿದೆವು. ಪಕ್ಕದಲ್ಲೇ ಆ ನೀರೂ ಇಳಿಯುತ್ತಿತ್ತು. ಒಣಗಿದ ಎಲೆ, ಪ್ಲಾಸ್ಟಿಕ್, ಕಂದು ನೊರೆಗಳನ್ನು ಮುಂದಕ್ಕೆ ತಳ್ಳುತ್ತ, ಕೆಲವೆಡೆ ನಮಗಿಂತ ಮುಂದೆ, ಕೆಲವೆಡೆ ಹಿಂದೆ.

ನಡುವಿನ ಕಟ್ಟದಲ್ಲಿ ಆಗಲೇ ನೀರು ಮೇಲಿನ ಸಾಲನ್ನು ನೆಕ್ಕುತ್ತಿತ್ತು. ಮಾಲೀಕರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ದಂಡೆಯಲ್ಲಿ ನಿಂತಿದ್ದರು. ಹೋಟೆಲಿನ ಕೆಲಸಗಾರರು ಸುತ್ತ ನಿಂತಿದ್ದರು. ಹೆಗಲ ಮೇಲೆ ಚೀಲ ಹೊತ್ತು ಬರುವವರನ್ನು ಕಂಡು ಮಾಲೀಕರಿಗೆ ಕೂಡಲೇ ಅರ್ಥವಾಯಿತು.

"ಏರಿಸುವುದಾ?" ಎಂದರು. ಸ್ವರದಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. "ಏರಿಸಿದ್ರೆ ಈ ನೀರು ಎಲ್ಲಿ ಹೋಗ್ತದೆ ಗೊತ್ತುಂಟಲ್ಲ ನಿಮಗೆ?"

ಗೊತ್ತಿತ್ತು. ಕಟ್ಟ ಎತ್ತರಿಸಿದರೆ ಹಿನ್ನೀರು ದಂಡೆಯ ಅತ್ಯಂತ ತಗ್ಗಿನ ಜಾಗವನ್ನು ಹುಡುಕುತ್ತದೆ. ಆ ಜಾಗ ಹೋಟೆಲಿನ ಹಿಂದಿನ ದಾಸ್ತಾನಿನ ಕೋಣೆ. ಅಕ್ಕಿ, ಉದ್ದು, ಮೈದಾ, ತೆಂಗಿನಕಾಯಿ ಎಲ್ಲವೂ ಅಲ್ಲೇ ಇದ್ದವು. ಸಾನಪಾಡಾದಲ್ಲಿರುವ ಅವರ ಭಾವ ಹಿಂದಿನ ದಿನವಷ್ಟೇ ವಾಶಿಯ ಮಾರುಕಟ್ಟೆಯಿಂದ ತಿಂಗಳ ಸಾಮಾನು ಕಳುಹಿಸಿದ್ದರು.

"ಏರಿಸದಿದ್ದರೆ ಎಲ್ಲಿ ಹೋಗುತ್ತದೆ ಎಂಬುದೂ ಗೊತ್ತುಂಟು," ಎಂದೆ.

"ಅದು ನನ್ನ ಗದ್ದೆ ಅಲ್ಲ ಮಾರಾಯ್ರೆ!"

ದಾದಾ ಅವರಿಗೆ ಕನ್ನಡ ಬಾರದು. ಆದರೂ ಅವರು ಹೊತ್ತಿದ್ದ ಚೀಲವನ್ನು ನೆಲಕ್ಕಿಳಿಸದೆ ಹಾಗೆಯೇ ನಿಂತಿದ್ದರು. ಮಗಳು ತಂದೆಯ ಹತ್ತಿರ ಹೋಗಿ ತುಳುವಿನಲ್ಲಿ ಒಂದೇ ಮಾತು ಹೇಳಿದಳು. ಅವಳು ಮನೆಯಲ್ಲಿ ತುಳು ಕೇಳಿ ಬೆಳೆದವಳಾದರೂ ಹೊರಗೆ ಆಡಿದ್ದನ್ನು ನಾನು ಕಂಡಿರಲಿಲ್ಲ. "ಪಪ್ಪಾ, ಕಟ್ಟ ಪಾಡ್ದಿನಿ ನಮ." ಕಟ್ಟ ಹಾಕಿದವರು ನಾವು.

ಮಾಲೀಕರು ಅವಳನ್ನೊಮ್ಮೆ, ನೀರನ್ನೊಮ್ಮೆ ನೋಡಿದರು. ಆಮೇಲೆ ಕೆಲಸಗಾರರಿಗೆ ಕೂಗಿದರು: "ಏಯ್, ಎಂಥ ನೋಡ್ತೀರಿ? ಅರ್ಧ ಜನ ಗೋಣಿ ಎತ್ತಿ ಮೇಲಿಡಿ, ಆದಷ್ಟು. ಅರ್ಧ ಜನ ಇಲ್ಲಿ ಬನ್ನಿ, ಚೀಲ ಹಿಡೀರಿ." ದಾದಾ ಅವರ ಹೆಗಲಿನ ಚೀಲಕ್ಕೆ ತಾವೇ ಕೈಕೊಟ್ಟು, "ಇಧರ್ ಡಾಲೋ ದಾದಾ, ಇಧರ್," ಎಂದರು.

ಹೀಗೆ ಪತ್ತನಾಜೆಯ ದಿನ ನಾವು ಕಟ್ಟ ಕಟ್ಟಿದೆವು.

ಅವರನ್ನು ಅಲ್ಲಿ ಬಿಟ್ಟು ಹೆದ್ದಾರಿ ದಾಟಿ ನಾನು ಆಯಿಯ ಬಾಂಧಕ್ಕೆ ಹೋದೆ. ಯಾವಾಗ ಬಿಡಬಹುದೆಂದು ಅಲ್ಲಿಂದ ಫೋನಿನಲ್ಲಿ ತಿಳಿಸುವುದು ನನ್ನ ಪಾಲಿಗೆ ಬಂದ ಕೆಲಸ. ಕೆಳಗಿನ ಕಟ್ಟವನ್ನು ನಿಯಮದಂತೆ ಬೆಳಿಗ್ಗೆಯೇ ತೆಗೆದಿದ್ದರು. ಖಾಡಿ ತುಂಬಿ ಮ್ಯಾಂಗ್ರೋವ್ ಗಿಡಗಳ ತುದಿಗಳಷ್ಟೇ ಕಾಣುತ್ತಿದ್ದವು. ಆಯಿ ಒಂಬತ್ತು ಗಜದ ನೌವಾರಿ ಸೀರೆಯ ಕಚ್ಚೆ ಬಿಗಿದು, ಹೊಸ ಮಣ್ಣಿನ ಜಾಗದಲ್ಲಿ ಮೊಣಕಾಲೂರಿ, ಕೆಸರಿನ ಉಂಡೆಗಳನ್ನು ಒತ್ತುತ್ತಿದ್ದಳು. ಸೋದರಳಿಯ ಬುಟ್ಟಿಯಲ್ಲಿ ಮಣ್ಣು ತರುತ್ತಿದ್ದ. ನನ್ನನ್ನು ಕಂಡರೂ ಆಕೆ ಕೈ ನಿಲ್ಲಿಸಲಿಲ್ಲ.

"ಬಂದಿರಾ ಪ್ರೊಫೆಸರ್? ಇವನು ಈಗ ಹೇಳುತ್ತಾನೆ, ಇವತ್ತು ಮೇಲಿನ ಎರಡು ಕಟ್ಟದ ನೀರೂ ಬಿಡುತ್ತಾರೆ ಎಂದು. ಇವತ್ತು! ನಿಮ್ಮ ಊರಿನ ಯಾವ ದೇವರು ಹೇಳಿದ್ದು ಇವತ್ತು ಎಂದು?"

"ತಡೆದಿದ್ದೇವೆ ಆಯಿ. ನಡುವಿನ ಕಟ್ಟ ಏರಿಸಿದ್ದೇವೆ."

"ನನ್ನನ್ನು ಕೇಳಿದಿರಾ?"

"ಸಭೆಗೆ ಇವನು ಬಂದಿದ್ದ."

"ಇವನಾ?" ಆಕೆ ಸೋದರಳಿಯನ ಕಡೆ ಕೆಸರಿನ ಕೈ ತೋರಿಸಿದಳು. "ಇವನಿಗೆ ಉಪ್ಪಿಟ್ಟು ಕೊಟ್ಟರೆ ತನ್ನ ಮದುವೆಗೂ ತಲೆಯಾಡಿಸುತ್ತಾನೆ. ಮಣ್ಣು ತಾರೋ, ನಿಂತು ಏನು ಕೇಳುತ್ತೀಯ!"

ನಾನೂ ಚಪ್ಪಲಿ ಬಿಟ್ಟು ಮಣ್ಣಿಗೆ ಕೈ ಹಾಕಿದೆ. ನೀರು ಹೊಸ ಮಣ್ಣಿನ ಅಂಚಿಗಿಂತ ಅಂಗೈಯಗಲ ಕೆಳಗಿತ್ತು. ಆ ಅಂಗೈಯಗಲ ಸಣ್ಣದಾಗುತ್ತ ಬಂತು. ಒಂದೆಡೆ ಒಳಬದಿಯಲ್ಲಿ ಬೆವರಿನಂತೆ ತೇವ ಒಸರಿತು. ಆಯಿ ಅದರ ಮೇಲೆ ತನ್ನ ಇಡೀ ಮುಂಗೈಯನ್ನು ಒತ್ತಿ ಹಿಡಿದಳು. ಫೋನು ರಿಂಗಾಯಿತು.

"ಕೋಣೆಗೆ ನೀರು ಬಂತು," ಮಾಲೀಕರು ಹೇಳಿದರು. "ಪಾದ ಮುಳುಗ್ತದೆ. ಇನ್ನೆಷ್ಟು ಹೊತ್ತು?"

"ಇನ್ನೂ ಏರುತ್ತಿದೆ. ತಡೆಯಿರಿ."

"ಮೈದಾ ಹೋಯ್ತು. ಹೋಗ್ಲಿ. ಕಟ್ಟದ ಎಡಬದಿ ಸ್ವಲ್ಪ ಅಲುಗಾಡ್ತಾ ಉಂಟು. ದಾದಾ ಅದಕ್ಕೇ ಬೆನ್ನು ಕೊಟ್ಟು ನಿಂತಿದ್ದಾರೆ."

"ಅವರನ್ನು ಬದಿಗೆ ನಿಲ್ಲಲು ಹೇಳಿ!"

"ಹೇಳಿದೆ. ಕೇಳ್ಬೇಕಲ್ಲ?"

ಫೋನು ಕಡಿದುಹೋಯಿತು. ಅಲ್ಲಿ ಒಬ್ಬ ಮನುಷ್ಯನ ಬೆನ್ನು, ಇಲ್ಲಿ ಒಬ್ಬ ಹೆಂಗಸಿನ ಕೈ, ನಡುವೆ ಹೆದ್ದಾರಿಯ ಮೇಲೆ ಹಾರ್ನು ಹೊಡೆಯುತ್ತ ನಿಂತ ಸಾವಿರ ಗಾಡಿಗಳು. ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಿತ್ತು. ಖಾಡಿಯ ನೀರು ಹೊಸ ಮಣ್ಣಿನ ಅಂಚನ್ನು ಒಮ್ಮೆ ಮುಟ್ಟಿ, ತುಸು ಕರಗಿಸಿ ಹಿಂದೆ ಸರಿಯಿತು. ಮತ್ತೆ ಮುಟ್ಟಿತು. ಆಯಿ ತಲೆಯ ಮೇಲಿನ ಸೆರಗನ್ನು ಎಳೆದು, ಉಂಡೆಮಾಡಿ, ಕರಗಿದ ಜಾಗಕ್ಕೆ ತುರುಕಿ ಅದರ ಮೇಲೆ ಮಣ್ಣು ಮೆತ್ತಿದಳು. ಸೀರೆಯ ಇನ್ನೊಂದು ತುದಿ ಆಕೆಯ ಸೊಂಟದಲ್ಲೇ ಇದ್ದುದರಿಂದ ಆಕೆಗೆ ಮೇಲೇಳುವುದಕ್ಕೂ ಆಗದಂತಾಯಿತು.

ಎಷ್ಟು ಹೊತ್ತು ಹಾಗಿದ್ದೆವೆಂದು ಬರೆಯಲಾರೆ. ಗಡಿಯಾರವನ್ನು ನಾನು ನೋಡಲಿಲ್ಲ. ಸೋದರಳಿಯ ಅರ್ಧ ತಾಸು ಎನ್ನುತ್ತಾನೆ. ಮಾಲೀಕರು ಎರಡು ತಾಸಿಗೆ ಕಡಿಮೆ ಇಲ್ಲ ಎನ್ನುತ್ತಾರೆ. ಎರಡನ್ನೂ ದೃಢಪಡಿಸುವ ಆಧಾರ ನನ್ನ ಬಳಿ ಇಲ್ಲ.

ಸದ್ದು ಬಂದದ್ದು ಉಘಾಡಿಯಿಂದ. ಅಷ್ಟು ಹೊತ್ತು ನೀರಿನ ಒತ್ತಡಕ್ಕೆ ಚೌಕಟ್ಟಿಗೆ ಅಂಟಿಕೊಂಡಿದ್ದ ಮರದ ಹಲಗೆ ಒಮ್ಮೆ ಟಕ್ ಎಂದಿತು. ಸ್ವಲ್ಪ ತಡೆದು ಇನ್ನೊಮ್ಮೆ. ಆಯಿ ಕತ್ತೆತ್ತಿ ಮ್ಯಾಂಗ್ರೋವ್ ಗಿಡಗಳ ಕಡೆ ನೋಡಿದಳು. ಕಾಂಡಗಳ ಮೇಲೆ ತೇವದ ಗೆರೆಯೊಂದು ನೀರಿಗಿಂತ ಮೇಲೆ ಉಳಿದಿತ್ತು.

"ತಿರುಗಿತು," ಎಂದಳು. ನಾನು ಫೋನು ತೆಗೆಯುವಷ್ಟರಲ್ಲಿ ಕೈಯೆತ್ತಿ ತಡೆದಳು. "ಈಗಲೇ ಬೇಡ. ಕೆಸರು ಕಾಣಲಿ."

ಕೆಸರು ಕಂಡ ಮೇಲೆ ಹೇಳಿದೆ. ಅವರು ಒಂದೊಂದೇ ಚೀಲ ತೆಗೆದರು. ಹಳ್ಳದ ನೀರು ಬಾಂಧದ ಬದಿಯಲ್ಲಿ ಬಂತು, ತಿರುಗಿತು, ಇಳಿಯುವ ಖಾಡಿಯ ಹಿಂದೆ ಹೋಯಿತು. ಕೊನೆಯ ಸಾಲಿನ ಚೀಲಗಳನ್ನು ದಂಡೆಗೆ ಎಳೆಯುವಾಗ ಗುಡ್ಡದಲ್ಲಿ ಮಳೆ ಬಿತ್ತು. ಮೋರಿ ಖಾಲಿಯಿತ್ತು.

ಸಂಜೆ ಹೋಟೆಲಿಗೆ ಹೋದಾಗ ಮುಂದಿನ ಶಟರ್ ಅರ್ಧ ಇಳಿದಿತ್ತು. ಮಾಲೀಕರು ನೆನೆದ ಗೋಣಿಗಳ ನಡುವೆ ಒಂದು ಡಬ್ಬದ ಮೇಲೆ ಕುಳಿತಿದ್ದರು. ದಾದಾ ಅವರ ಬೆನ್ನಿಗೆ ಕೆಲಸಗಾರನೊಬ್ಬ ಮುಲಾಮು ಹಚ್ಚುತ್ತಿದ್ದ.

"ಬನ್ನಿ," ಎಂದರು ಮಾಲೀಕರು. "ಒಂದು ಕೆಲಸ ಉಳೀತು ನೋಡಿ. ನಾಳೆಯ ಉದ್ದು ನೆನೆ ಹಾಕುವುದು ಬೇಡ, ತನ್ನಷ್ಟಕ್ಕೇ ನೆನೆದುಂಟು. ಆದ್ರೆ ಈ ನಾಲಾದ ಇಡ್ಲಿ ನೀವೇ ಕೂತು ತಿನ್ಬೇಕು."

ಮಗಳು ನಕ್ಕಳು. ದಾದಾ ಅವರಿಗೆ ಅವಳು ಹಿಂದಿಯಲ್ಲಿ ಅದನ್ನು ಹೇಳಿದಾಗ ಅವರೂ ನಕ್ಕು, ಬೆನ್ನು ನೋವಿಗೆ ಮುಖ ಕಿವುಚಿದರು. ಮಾಲೀಕರು ನಗಲಿಲ್ಲ. ನೆನೆದ ಮೈದಾದ ಒಂದು ಹಿಡಿಯನ್ನು ಎತ್ತಿ ನೋಡಿ ಕೆಳಗೆ ಬಿಟ್ಟರು.

ಶ್ರಾವಣದಲ್ಲಿ ಗದ್ದೆ ನೋಡಲು ಹೋಗಿದ್ದೆ. ನಾಟಿ ಆಗಿತ್ತು. ಹೊಸ ಮಣ್ಣಿನ ಒಳಬದಿಗೆ, ಅಂದು ತೇವ ಒಸರಿದ ಕಡೆ, ಒಂದು ಮೂಲೆ ಮಾತ್ರ ಉಪ್ಪು ತಾಗಿ ಸೊರಗಿತ್ತು. ಅಲ್ಲಿನ ಸಸಿಗಳು ಹಳದಿಯಾಗಿ ಮಲಗಿದ್ದವು. ಆಯಿ ಅದನ್ನು ತೋರಿಸಿ, "ಇದು ನಿಮ್ಮ ಪತ್ತನಾಜೆಯ ಪಾಲು," ಎಂದಳು. ಉಳಿದ ಗದ್ದೆ ಹಸಿರಾಗಿತ್ತು. ಮೈದುನಂದಿರು ಆ ವರ್ಷ ಬಾಯಿ ತೆರೆದಿರಲಿಲ್ಲ.

ಮುಂದಿನ ಸಭೆ ಕ್ಲಬ್‌ಹೌಸಿನಲ್ಲಿ ನಡೆಯಲಿಲ್ಲ. ಬಾಂಧದ ಮೇಲೆ, ಉಘಾಡಿಯ ಪಕ್ಕದಲ್ಲಿ ನಡೆಯಿತು. ಪಾಡಾದವರು ಚಾಪೆ ತಂದಿದ್ದರು, ಹೋಟೆಲಿನಿಂದ ಉಪ್ಪಿಟ್ಟು ಬಂದಿತ್ತು. ಸೋದರಳಿಯನಿಗೆ ಮೊದಲ ತಟ್ಟೆ ಕೊಡುವಾಗ ಎಲ್ಲರೂ ನಕ್ಕರು. ಕಟ್ಟ ಬಿಚ್ಚುವುದು ಅಷ್ಟಮಿಯ ಆಸುಪಾಸಿನಲ್ಲಿ, ಭರತ ಸಣ್ಣದಿರುವಾಗ, ಇಳಿತ ಶುರುವಾದ ಮೇಲೆ ಎಂದಾಯಿತು. ಆಯಿ ಹೇಳಿ ಕಳುಹಿಸದೆ ಯಾರೂ ಚೀಲ ಮುಟ್ಟುವಂತಿಲ್ಲ. ಹೇಳಲು ಒಬ್ಬರು ಕಾಲ್ನಡಿಗೆಯಲ್ಲೇ ಪಾಡಾಕ್ಕೆ ಹೋಗಬೇಕು. ಹೋಟೆಲಿನ ಮಗಳು ಆ ಕೆಲಸ ತನ್ನದೆಂದಳು.

ಮಾಲೀಕರು ಮಾತ್ರ ಕೊನೆಯವರೆಗೂ ಒಂದಕ್ಕೆ ಪಟ್ಟು ಹಿಡಿದರು. ಪತ್ತನಾಜೆಯನ್ನು ಪೂರ್ತಿ ಬಿಡುವುದು ಅವರಿಂದಾಗದು. ಬಹಳ ಚರ್ಚೆಯಾಗಿ, ಆ ದಿನ ನಡುವಿನ ಕಟ್ಟದ ಮೇಲಿನ ಸಾಲಿನಿಂದ ಒಂದೇ ಒಂದು ಚೀಲ ತೆಗೆದು ದಂಡೆಗಿಡಬಹುದೆಂದು ಆಯಿ ಒಪ್ಪಿದಳು.

"ಒಂದೇ," ಎಂದು ಬೆರಳೆತ್ತಿ ತೋರಿಸಿದಳು. "ಅದೂ ಸಂಜೆ. ನನ್ನನ್ನು ಕೇಳಿ."